ತುಕ್ಕು ಎಲ್ಲಿಗೆ ಮುಟ್ಟಿದೆ?

ಕುಂದಾಪುರದ ಗ್ಯಾರೇಜಿನಲ್ಲಿ ನಮ್ಮ ಕಾರು ಲಿಫ್ಟಿನ ಮೇಲೆ ಆಳೆತ್ತರಕ್ಕೆ ನಿಂತಿತ್ತು. ಹದಿನಾರು ವರ್ಷ ಅದರೊಳಗೆ ಕೂತು ಓಡಾಡಿದ್ದೇನೆ. ಅದರ ಹೊಟ್ಟೆಯನ್ನು ಸರಿಯಾಗಿ ಕಂಡದ್ದು ಅದು ಎರಡನೆಯ ಸಲ. ಮೆಕ್ಯಾನಿಕ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಜಾಗ ಬಡಿಯುತ್ತ ಹೋದರು. ಠಣ್ ಠಣ್ ಎನ್ನುತ್ತಿದ್ದ ಸದ್ದು ಹಿಂದಿನ ಎಡಚಕ್ರದ ಹತ್ತಿರ ಬರುವಾಗ ಮಂಕಾಯಿತು, ನೆನೆದ ರಟ್ಟಿಗೆ ಬಡಿದ ಹಾಗೆ. ಅವರು ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಒತ್ತಿದರು. ಜೋರಾಗಿ ಒತ್ತಲೂ ಇಲ್ಲ, ಎರಡು ಇಂಚು ಒಳಗೆ ಹೋಯಿತು. ಕೆಂಪು ಪುಡಿ ಅವರ ತೋಳಿನ ಮೇಲೆ ಉದುರಿತು.

"ಕಾಣಿ ಮೇಡಂ," ಎಂದರು. "ಇಂಜಿನ್ ಗಟ್ಟಿ ಇತ್ತ್. ಬಾಡಿ ಹೋಯ್ತ್."

ಹಳೆಯ ಗಾಡಿ ಇರುವ ಮನೆಗಳಲ್ಲೆಲ್ಲ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆ ಇದು: ಇನ್ನೊಂದು ಸಲ ರಿಪೇರಿ ಮಾಡಿಸುವುದೋ, ಇಲ್ಲಿಗೆ ಸಾಕು ಅನ್ನುವುದೋ? ಬಿಡುವಿದ್ದಾಗ ಹೊರಗೆ ತೆಗೆಯುವ ಗಾಡಿಯಾದರೆ ಉತ್ತರವನ್ನು ಮುಂದೂಡಬಹುದು. ದಿನಾ ಬೆಳಿಗ್ಗೆ ಎಂಟಕ್ಕೆ ಹೊರಡಲೇಬೇಕಾದ ಗಾಡಿಗೆ ಆ ಅವಕಾಶವಿಲ್ಲ. ನಾನು ಈ ಪ್ರಶ್ನೆಯನ್ನು ಹತ್ತು ವರ್ಷದಲ್ಲಿ ನಾಲ್ಕು ಸಲ ಎದುರಿಸಿದ್ದೇನೆ. ಮೂರು ಸಲ ರಿಪೇರಿ ಮಾಡಿಸಿದೆ, ನಾಲ್ಕನೆಯ ಸಲ ನಿಲ್ಲಿಸಿದೆ. ಆ ಮೂರಕ್ಕೂ ಈ ನಾಲ್ಕನೆಯದಕ್ಕೂ ಇದ್ದ ವ್ಯತ್ಯಾಸವನ್ನು ಬರೆದಿಡಬೇಕೆನಿಸಿತು.

ನಮ್ಮ ಮನೆ ನಾವುಂದದ ಹತ್ತಿರ. ನಾನು ಕಲಿಸುವ ಕಾಲೇಜು ಕುಂದಾಪುರದಲ್ಲಿ. ಸುಮಾರು 24 ಕಿಲೋಮೀಟರ್ ದಾರಿ, ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66. ನಡುವೆ ಮರವಂತೆ. ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ಮಧ್ಯೆ ರಸ್ತೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಜಾಗ. ಆಷಾಢದಲ್ಲಿ ಕಡಲು ಏರಿದಾಗ ಅಲೆ ತಡೆಗಲ್ಲಿಗೆ ಅಪ್ಪಳಿಸಿ ಎದ್ದ ಹನಿ ಗಾಜಿನ ಮೇಲೆ ಬಂದು ಕೂರುತ್ತದೆ. ವೈಪರ್ ಹಾಕಿದರೆ ಅದು ಒರೆಸಿ ಹೋಗುವುದಿಲ್ಲ, ಬಿಳಿಯ ಪೊರೆಯಾಗಿ ಹರಡುತ್ತದೆ. ಗಾಜಿನ ಮೇಲೆ ಕಾಣುವ ಆ ಉಪ್ಪು ಕಾರಿನ ಅಡಿಗೂ ಅಷ್ಟೇ ಅಂಟುತ್ತದೆ. ಗಾಜನ್ನು ನಾವು ತೊಳೆಯುತ್ತೇವೆ.

ಕಾರು ಕೊಂಡವರು ಅಪ್ಪ. ಹೆಡ್‌ಮಾಸ್ಟರಾಗಿ ನಿವೃತ್ತರಾದ ವರ್ಷ, 2009ರಲ್ಲಿ, ಬಂದ ಹಣದಲ್ಲಿ ಎಲ್ಲ ಸೇರಿ 2.80 ಲಕ್ಷ ರೂಪಾಯಿ ಕೊಟ್ಟು 800 ಸಿಸಿಯ ಬಿಳಿ ಕಾರು ತಂದರು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಆ ಕಾಲದ ಅಗ್ಗದ ಸಣ್ಣ ಕಾರುಗಳಲ್ಲಿ ಇವು ಸಾಮಾನ್ಯವಾಗಿ ಇರುತ್ತಲೂ ಇರಲಿಲ್ಲ. ಅಪ್ಪ ಓಡಿಸಿದ್ದು ಕಡಿಮೆ: ಬೈಂದೂರು, ಕೊಲ್ಲೂರು, ನೆಂಟರ ಮದುವೆ. 2015ರಿಂದ ಸ್ಟಿಯರಿಂಗ್ ನನ್ನ ಕೈಗೆ ಬಂತು. ಅಪ್ಪ ಬಿಡದೆ ಮಾಡಿದ ಒಂದು ಕೆಲಸವೆಂದರೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಟ್ಟ ನೋಟು ಪುಸ್ತಕ. ಪೆಟ್ರೋಲು ಹಾಕಿಸಿದ ದಿನ, ಲೀಟರು, ಆಗಿನ ಕಿಲೋಮೀಟರು. ಆಯಿಲ್ ಬದಲಿಸಿದ್ದು. ಪಂಕ್ಚರ್ ಹಾಕಿಸಿದ್ದು. ಸಾಲು ಎಳೆದು, ಶಾಲೆಯ ಹಾಜರಿ ಪುಸ್ತಕದ ಶಿಸ್ತಿನಲ್ಲಿ ಬರೆದದ್ದು. ನಾನು ಓಡಿಸಲು ಹಿಡಿದ ಮೇಲೂ ರಶೀದಿ ಕೇಳಿ ತೆಗೆದುಕೊಂಡು ಅವರೇ ಬರೆಯುತ್ತಿದ್ದರು.

ಆ ಪುಸ್ತಕ ಇಲ್ಲದಿದ್ದರೆ ನನ್ನ ಮೂರು ನಿರ್ಧಾರಗಳೂ ಬೇರೆಯಾಗುತ್ತಿದ್ದವು. ರಿಪೇರಿಯ ಬಿಲ್ಲು ಕೈಗೆ ಬಂದ ದಿನ ನಮಗೆ ಕಾಣುವುದು ಆ ಬಿಲ್ಲು ಮಾತ್ರ. ಹದಿನೇಳು ಸಾವಿರ ಎಂಬ ಅಂಕಿ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಮೊದಲಿನ ಹದಿನಾಲ್ಕು ತಿಂಗಳು ಗಾಡಿ ಆಯಿಲ್ ಬಿಟ್ಟು ಬೇರೇನೂ ಕೇಳಿರಲಿಲ್ಲ ಎಂಬುದು ನೆನಪಿಗೇ ಬರುವುದಿಲ್ಲ.

2024ರಲ್ಲಿ ಆರ್‌ಸಿಗೆ ಹದಿನೈದು ವರ್ಷ ತುಂಬಿತು. ನವೀಕರಣಕ್ಕೆ ಮೊದಲು ಕಾರನ್ನು ಲಿಫ್ಟಿಗೆ ಹಾಕಿ ನೋಡಿದರೆ, ಚಾಲಕನ ಕಾಲಡಿಯ ಮ್ಯಾಟ್ ಎತ್ತಿದ ಜಾಗದಲ್ಲಿ ಅಂಗೈಯಗಲ ತೂತು. ಕೆಳಗಿನ ನೆಲ ಕಾಣುತ್ತಿತ್ತು. ಟಿಂಕರಿಂಗ್, ತಗಡು ವೆಲ್ಡಿಂಗ್, ಅಡಿಗೆ ಕೋಟಿಂಗ್, ಸ್ವಲ್ಪ ಪೇಂಟು ಸೇರಿ 38 ಸಾವಿರ ಎಂದರು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ಬೆಚ್ಚಿಬಿದ್ದರು. "ಕಾರು ಮಾರಿದ್ರೆ ನಲವತ್ತು ಸಾವಿರ ಬರ್ಲಿಕ್ಕಿಲ್ಲ. ಅದಕ್ಕೆ ಮೂವತ್ತೆಂಟು ಹಾಕ್ತೀರಾ?"

ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಕೇಳಲು ಲೆಕ್ಕದ ಮಾತಿನಂತೆಯೇ ಇರುತ್ತದೆ, ಆದರೆ ಲೆಕ್ಕ ತಪ್ಪು. ನಲವತ್ತು ಸಾವಿರ ಎಂಬುದು ಆ ಕಾರು ಇನ್ನೊಬ್ಬರಿಗೆ ಎಷ್ಟು ಬೆಲೆಯದು ಎಂಬುದರ ಉತ್ತರ. ನನಗೆ ಗೊತ್ತಾಗಬೇಕಾದದ್ದು ಬೇರೆ: ನಾಳೆ ಬೆಳಿಗ್ಗೆಯಿಂದ ನನ್ನನ್ನು ಕುಂದಾಪುರಕ್ಕೆ ಮುಟ್ಟಿಸಲು ಯಾವ ದಾರಿಗೆ ಎಷ್ಟು ಖರ್ಚು? ಮನೆಯ ಬಾವಿಗೆ ಹೊಸ ಪಂಪು ಹಾಕಿಸುವಾಗ ಹಳೆ ಪಂಪು ಗುಜರಿಗೆ ಎಷ್ಟಕ್ಕೆ ಹೋಗುತ್ತದೆಂದು ನೋಡಿ ಯಾರೂ ನಿರ್ಧರಿಸುವುದಿಲ್ಲ. ನೀರು ಬರಬೇಕು, ಅಷ್ಟೆ.

ಆವತ್ತು ರಾತ್ರಿ ಅಪ್ಪನೂ ನಾನೂ ನೋಟು ಪುಸ್ತಕ ಹರಡಿಕೊಂಡು ಕೂತೆವು. 2019ರಿಂದ 2024ರವರೆಗಿನ ಐದು ವರ್ಷ. ನಾಲ್ಕು ಟಯರಿಗೆ 12 ಸಾವಿರ. ರೇಡಿಯೇಟರು ಸೋರಿ ಇಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋದಾಗ 24 ಸಾವಿರ. ಎಸಿ ಕಂಪ್ರೆಸರಿಗೆ 17. ಎರಡು ಬ್ಯಾಟರಿಗೆ 9. ಸಸ್ಪೆನ್ಶನ್ನಿಗೆ 11. ಕ್ಲಚ್ ಪ್ಲೇಟಿಗೆ 7. ವರ್ಷದ ಮಾಮೂಲಿ ಸರ್ವಿಸ್ ಐದು ಸಲಕ್ಕೆ 30. ಈಗಿನ 38. ಆರ್‌ಸಿ ನವೀಕರಣ, ಹೊಸ ನಂಬರ್ ಪ್ಲೇಟು, ಓಡಾಟ ಎಂದು 8. ಒಟ್ಟು 1,56,000. ತಿಂಗಳಿಗೆ ಹಂಚಿದರೆ 2,600 ರೂಪಾಯಿ.

ಇನ್ನೊಂದು ಬದಿಗೆ ಹೊಸ ಕಾರು. ಕೈಯಿಂದ ಸ್ವಲ್ಪ ಹಾಕಿ 5 ಲಕ್ಷ ಸಾಲ ಮಾಡಿದರೂ, ಶೇ. 9ರ ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 10,380. ಬಡ್ಡಿಯೇ 1.22 ಲಕ್ಷ ದಾಟುತ್ತದೆ. ಅಂದರೆ ಐದು ವರ್ಷ ಹಳೆಯ ಕಾರನ್ನು ಸಾಕಿದ ಖರ್ಚಿನ ಮುಕ್ಕಾಲು ಭಾಗವನ್ನು ಹೊಸ ಕಾರಿನ ಬಡ್ಡಿಯೊಂದೇ ನುಂಗುತ್ತದೆ. ಬೆಲೆಯ ಇಳಿತವೂ ಇದೆ. ವಿಮಾ ಕಂಪನಿಗಳು ಗಾಡಿಯ ಬೆಲೆ ಕಟ್ಟುವ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿ ಐದರೊಳಗಿನ ಗಾಡಿಗೆ ಶೇ. 50 ಕಳೆಯುತ್ತಾರೆ. ಆರು ಲಕ್ಷದ ಕಾರು ಹೊರಗೆ ಹೊಳೆಯುತ್ತಲೇ ಇದ್ದರೂ ಕಾಗದದ ಮೇಲೆ ಮೂರು ಲಕ್ಷಕ್ಕೆ ಬಂದಿರುತ್ತದೆ. ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲೊಂದು. ಹತ್ತು ಲಕ್ಷ ದಾಟಿದ ಕಾರಿಗೆ ಶೇ. 17, ಅದರ ಮೇಲೆ ಸೆಸ್. ಹಳೆಯ ಕಾರಿಗೆ ಆ ತೆರಿಗೆಯನ್ನು ಅಪ್ಪ 2009ರಲ್ಲೇ ಕಟ್ಟಿ ಮುಗಿಸಿದ್ದರು.

"ಹೊಸ ಕಾರಿನಲ್ಲಿ ಪೆಟ್ರೋಲು ಉಳಿಯುತ್ತದಲ್ಲ?" ಎಂದು ಕೇಳಬಹುದು. ಉಳಿಯುತ್ತದೆ. ನಾನು ಕೆಲಸಕ್ಕೆ ಓಡಿಸುವುದು ವರ್ಷಕ್ಕೆ ಸುಮಾರು 12,600 ಕಿಲೋಮೀಟರ್. ನಮ್ಮ ಕಾರು ಲೀಟರಿಗೆ 16 ಕೊಡುತ್ತಿತ್ತು. ಹೊಸದು 21 ಕೊಟ್ಟರೆ ಉಳಿಯುವುದು ಸುಮಾರು 187 ಲೀಟರ್. ಲೀಟರಿಗೆ 102 ರೂಪಾಯಿಯಂತೆ ವರ್ಷಕ್ಕೆ 19 ಸಾವಿರ. ಎರಡು ತಿಂಗಳ ಕಂತೂ ಪೂರ್ತಿ ಆಗುವುದಿಲ್ಲ. ಮೈಲೇಜ್ ತೋರಿಸಿ ಹೊಸ ಗಾಡಿ ಮಾರುವವರ ಮುಂದೆ ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುವ ಟ್ಯಾಕ್ಸಿಯವರ ಲೆಕ್ಕ ಬೇರೆ, ಅವರಿಗೆ ಉಳಿತಾಯ ನಿಜವಾಗಿಯೂ ಉಳಿತಾಯ.

ಹೀಗೆ 2024ರಲ್ಲಿ 38 ಸಾವಿರ ಕೊಟ್ಟೆವು. ಇವತ್ತಿಗೂ ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ, ಒಂದು ಮಾತು ಬಿಟ್ಟು. ಆ ಮಾತಿಗೆ ಆಮೇಲೆ ಬರುತ್ತೇನೆ.

ಆರ್‌ಸಿ ನವೀಕರಣದ ಬಗ್ಗೆ ಜನರಲ್ಲಿ ಒಂದು ಹೆದರಿಕೆ ಇದೆ. ಹದಿನೈದು ವರ್ಷ ಆದ ಗಾಡಿಯನ್ನು ಸರಕಾರ ಕಿತ್ತುಕೊಳ್ಳುತ್ತದೆ ಎಂದೇ ನಮ್ಮೂರಲ್ಲಿ ಹಲವರು ನಂಬಿದ್ದಾರೆ. ಅದು ದೆಹಲಿಯ ಸುದ್ದಿ ಇಲ್ಲಿಗೆ ಬಂದು ಸೇರಿದ್ದು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ದೆಹಲಿ ಸುತ್ತಮುತ್ತ ಓಡಬಾರದೆಂದು ಹಸಿರು ನ್ಯಾಯಮಂಡಳಿ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ತಪಾಸಣೆಯಾಗಿ ಐದೈದು ವರ್ಷಕ್ಕೆ. ಅವಧಿ ಮುಗಿಯುವ ಅರವತ್ತು ದಿನ ಮೊದಲೇ ಅರ್ಜಿ ಹಾಕಬಹುದು. ಮುಗಿದ ಮೇಲೆ ಹೋದರೆ ತಿಂಗಳ ಲೆಕ್ಕದಲ್ಲಿ ದಂಡ ಬೀಳುತ್ತದೆ.

ಆದರೆ ಶುಲ್ಕ ಏರಿದೆ. ಕಾರಿಗೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, ಬೈಕಿಗೆ 300 ಇದ್ದದ್ದು 1,000. ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಮತ್ತೆ ಏರಿಸಿ ಕಾರಿಗೆ 10,000, ಬೈಕಿಗೆ 2,000 ಮಾಡಿದರು. ಜೊತೆಗೆ ಹಸಿರು ತೆರಿಗೆ. ಹಳೆಯ ಗಾಡಿ ಇಟ್ಟುಕೊಳ್ಳುವುದು ಕಷ್ಟವಾಗಲಿ ಎಂಬ ಉದ್ದೇಶ ಇದರಲ್ಲಿ ಸ್ಪಷ್ಟವಾಗಿಯೇ ಇದೆ. ಹೊಗೆಯ ವಿಷಯದಲ್ಲಿ ಆ ಉದ್ದೇಶಕ್ಕೆ ಆಧಾರವೂ ಇದೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಗಾಡಿಗಳೆಲ್ಲ ಬಿಎಸ್-6 ಹೊಗೆ ಮಾನದಂಡದವು; ನಾಲ್ಕರಿಂದ ಐದನ್ನು ಹಾರಿ ನೇರ ಆರಕ್ಕೆ ಹೋದ ದೇಶ ನಮ್ಮದು. ನನ್ನ ಕಾರು ಆ ಏಣಿಯಲ್ಲಿ ಬಹಳ ಕೆಳಗಿತ್ತು. ಆದರೂ ಹೊಸ ಕಾರು ಷೋರೂಮಿಗೆ ಬರುವ ಮೊದಲೇ ಅದರ ಉಕ್ಕಿಗೆ, ಅಲ್ಯುಮಿನಿಯಮ್ಮಿಗೆ, ಪ್ಲಾಸ್ಟಿಕ್ಕಿಗೆ ಎಷ್ಟೋ ಕಲ್ಲಿದ್ದಲು ಉರಿದಿರುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ, ಹೊಗೆ ತಪಾಸಣೆಯಲ್ಲಿ ಪಾಸಾಗುವ ಗಾಡಿಯನ್ನು ಪರಿಸರದ ಹೆಸರಿನಲ್ಲಿ ಒಡೆಯುವುದು ಸರಿಯೆಂದು ನನಗೆ ಅನಿಸುವುದಿಲ್ಲ.

ಪೆಟ್ರೋಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳ ಪೈಪು, ಸೀಲುಗಳನ್ನು ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಹಳೆಯವುಗಳಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹಳೆಯ ರಬ್ಬರು ಬೇಗ ಕೆಡಬಹುದು. ನಮ್ಮ ಮೆಕ್ಯಾನಿಕ್ ಸಲಹೆಯಂತೆ ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಒಮ್ಮೆ ಬದಲಿಸಿದೆವು. ದೊಡ್ಡ ಖರ್ಚೇನಲ್ಲ. ಇಂಧನ ಸೋರಿದರೆ ಆಗುವ ಅನಾಹುತದ ಮುಂದೆ ಏನೂ ಅಲ್ಲ.

ಈಗ ಆ ಒಂದು ಮಾತು. 2024ರಲ್ಲಿ ನಾನು ತೂತನ್ನು ಮುಚ್ಚಿಸಿದೆ. ತೂತು ಯಾಕೆ ಆಯಿತು, ಇನ್ನೆಲ್ಲೆಲ್ಲಿ ಆಗುತ್ತಿದೆ ಎಂದು ಕೇಳಲಿಲ್ಲ.

ಕಬ್ಬಿಣ ತುಕ್ಕಾಗಲು ನೀರು ಮತ್ತು ಗಾಳಿ ಸಾಕು. ಉಪ್ಪು ಸೇರಿದರೆ ಕೆಲಸ ಹಲವು ಪಟ್ಟು ವೇಗವಾಗುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸರಾಗ ಹರಿಯುವುದರಿಂದ ಲೋಹದ ಮೇಲೆ ಪುಟ್ಟ ಪುಟ್ಟ ಬ್ಯಾಟರಿಗಳೇ ಕೆಲಸ ಮಾಡತೊಡಗುತ್ತವೆ, ಒಂದು ಕಡೆಯ ಕಬ್ಬಿಣ ಕರಗುತ್ತ ಹೋಗುತ್ತದೆ. ಉಪ್ಪಿಗೆ ಇನ್ನೊಂದು ಗುಣ ಇದೆ. ಅದು ಗಾಳಿಯ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಮ್ಮ ಕಡೆ ಜನವರಿಯಲ್ಲೂ ಕಾರಿನ ಮೂಲೆಗಳು ಪೂರ್ತಿ ಒಣಗುವುದಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ ಮೊದಲೇ ಇದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುವುದರಿಂದ ಪೇಂಟನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ. ಬಾಗಿಲ ಅಂಚಿನಲ್ಲಿ ಗುಳ್ಳೆ ಕಂಡಿತೆಂದರೆ ಒಳಗಡೆ ಅದು ಬಹಳ ದೂರ ಹೋಗಿಯಾಗಿದೆ ಎಂದೇ ತಿಳಿಯಬೇಕು.

ಕಾರಿನ ಬಾಗಿಲುಗಳ ತಳದಲ್ಲಿ, ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗದಲ್ಲಿ ನೀರು ಹೋಗಲೆಂದು ಸಣ್ಣ ಸಣ್ಣ ತೂತುಗಳಿರುತ್ತವೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಅಲ್ಲಿಂದ ಹೊರಗೆ ಹೋಗಬೇಕು. ಮಣ್ಣು, ಗಾಳಿಮರದ ಎಲೆ, ತೊಳೆದ ಸೋಪಿನ ಗಸಿ ಸೇರಿ ಅವು ಮುಚ್ಚಿದರೆ ನೀರು ಒಳಗೇ ನಿಲ್ಲುತ್ತದೆ. ನಮ್ಮ ಕಾರಿನ ಎಂಟು ತೂತುಗಳಲ್ಲಿ ಆರು ಮುಚ್ಚಿದ್ದವು. ಕಾಲಡಿಗೆ ದಪ್ಪ ಮ್ಯಾಟು, ಅದರಡಿಗೆ ಸ್ಪಂಜಿನಂಥ ಹಾಸು. ಜೂನಿನಲ್ಲಿ ಒದ್ದೆ ಚಪ್ಪಲಿಯಿಂದ ನೆನೆದದ್ದು ಅಕ್ಟೋಬರಿನವರೆಗೆ ಒದ್ದೆ. ಮ್ಯಾಟನ್ನು ಎತ್ತಿ ಬಿಸಿಲಿಗೆ ಹಾಕಲು ಯಾರೂ ನಮಗೆ ಹೇಳಲಿಲ್ಲ. ಕಾರಿನ ಮೇಲ್ಭಾಗಕ್ಕೆ ನಾನು ವ್ಯಾಕ್ಸ್ ಹಾಕಿಸುತ್ತಿದ್ದೆ.

ಮಂಡ್ಯ, ದಾವಣಗೆರೆ, ವಿಜಯಪುರದ ಓದುಗರಿಗೆ ಈ ತುಕ್ಕಿನ ಕತೆ ಇಷ್ಟು ಜೋರಾಗಿ ತಟ್ಟಲಿಕ್ಕಿಲ್ಲ. ಅಲ್ಲಿನ ಒಣ ಹವೆಯಲ್ಲಿ ಇಪ್ಪತ್ತೈದು ವರ್ಷದ ಮಾರುತಿ 800 ತಗಡು ಗಟ್ಟಿ ಇಟ್ಟುಕೊಂಡು ಇನ್ನೂ ಓಡುತ್ತದೆ. ಅಲ್ಲಿ ಮೊದಲು ಹೋಗುವುದು ಏರ್ ಫಿಲ್ಟರು, ಎಸಿ, ಬಿಸಿಲಿಗೆ ಒಡೆಯುವ ರಬ್ಬರು. ಕರಾವಳಿಯಲ್ಲಿ ಇಂಜಿನ್ ಗಟ್ಟಿಯಿರುವಾಗಲೇ ಒಡಲು ಕೈಕೊಡುತ್ತದೆ. ನಮ್ಮ ಬಂದರುಗಳಲ್ಲಿ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿ ಮೀನು ಮಾರುವವರ ಗಾಡಿಗಳನ್ನು ನೋಡಿ. ಐಸ್ ಕರಗಿದ ಉಪ್ಪುನೀರು ದಿನವಿಡೀ ಹಿಂದಿನ ಚಕ್ರದ ಮೇಲೆ ತೊಟ್ಟಿಕ್ಕುತ್ತದೆ. ಮೂರ್ನಾಲ್ಕು ಮಳೆಗಾಲಕ್ಕೇ ಮಡ್‌ಗಾರ್ಡ್ ಜಾಲರಿಯಾಗಿರುತ್ತದೆ. ಅವರಲ್ಲಿ ಅನುಭವ ಇದ್ದವರು ರಾತ್ರಿ ಮನೆಗೆ ಹೋದ ಕೂಡಲೇ ಗಾಡಿಗೆ ಎರಡು ಕೊಡ ಬಾವಿ ನೀರು ಹೊಯ್ಯುತ್ತಾರೆ. ನಾನು ಆ ಪಾಠ ಕಲಿಯಬೇಕಾದದ್ದು ಅವರಿಂದ.

ಹಿಂದಿನ ಚಕ್ರದ ಹತ್ತಿರ ಸ್ಕ್ರೂಡ್ರೈವರ್ ಒಳಹೋದದ್ದು 2025ರ ಮಳೆಗಾಲ ಕಳೆದ ಮೇಲೆ. ಅಷ್ಟು ಹೊತ್ತಿಗೆ ಕಾರು 1,54,000 ಕಿಲೋಮೀಟರ್ ಓಡಿತ್ತು. ರಸ್ತೆಯ ಹೊಂಡಕ್ಕೆ ಇಳಿದಾಗ ಹಿಂದಿನಿಂದ ಕಟಕ್ ಎಂಬ ಸದ್ದು ಬರುತ್ತಿತ್ತು. ಬುಶ್ ಹೋಗಿರಬೇಕು, ಎರಡು ಸಾವಿರದ ಕೆಲಸ ಎಂದುಕೊಂಡು ಹೋಗಿದ್ದೆ.

"ಇದ್ಕೂ ತಗಡ್ ಹಾಕಿ ವೆಲ್ಡಿಂಗ್ ಮಾಡುಕಾತ್ತಾ ಅಣ್ಣ?" ಎಂದು ಕೇಳಿದೆ.

"ಮಾಡುಕಾತ್ತ್," ಎಂದರು. ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. "ಮಾಡುವರೂ ಇದ್ರ್. ನಾ ಮಾಡ್ತಿಲ್ಲೆ."

ಅವರು ವಿವರಿಸಿದ್ದು ಇದು. ಜೀಪಿನಂಥ ಗಾಡಿಗಳಿಗೆ ಕೆಳಗೆ ದಪ್ಪ ಕಬ್ಬಿಣದ ಚಾಸಿ ಬೇರೆ, ಮೇಲೆ ಕೂರಿಸಿದ ಬಾಡಿ ಬೇರೆ. ನಮ್ಮ ಸಣ್ಣ ಕಾರುಗಳಿಗೆ ಬೇರೆ ಚಾಸಿಯೇ ಇಲ್ಲ. ಮಡಚಿ, ಒತ್ತಿ, ಬೆಸೆದ ತೆಳು ಉಕ್ಕಿನ ಹಾಳೆಗಳೇ ಒಟ್ಟಾಗಿ ಚೌಕಟ್ಟು. ಕಾಲಡಿಯ ತಗಡು ಹೋದರೆ ಅಲ್ಲಿಗೆ ತೇಪೆ ಹಾಕಬಹುದು, ಅದರ ಮೇಲೆ ಬರುವ ಭಾರ ಕಾಲಿನದ್ದು ಮಾತ್ರ. ಆದರೆ ಸಸ್ಪೆನ್ಶನ್ನಿನ ತೋಳು ಬಾಡಿಗೆ ಕೂಡುವ ಜಾಗ ಹಾಗಲ್ಲ. ಪ್ರತಿ ಬ್ರೇಕಿಗೆ, ಪ್ರತಿ ಹೊಂಡಕ್ಕೆ ಇಡೀ ಕಾರಿನ ತೂಕ ಅಲ್ಲಿ ಎಳೆಯುತ್ತದೆ. ತೇಪೆ ಬೆಸೆಯಬೇಕಾದರೆ ಅಕ್ಕಪಕ್ಕ ಗಟ್ಟಿ ಲೋಹ ಬೇಕು. ಇಲ್ಲಿ ಸುತ್ತಲೂ ಕೈಯಗಲ ಪುಡಿ. ಇವತ್ತು ಬೆಸೆದರೂ ಬೆಸುಗೆಯ ಅಂಚಿನಲ್ಲೇ ಹರಿಯುತ್ತದೆ, ಯಾವಾಗ ಎಂದು ಹೇಳಲಾಗದು.

ಮುಖ್ಯವಾದ ಮಾತು ಆ ಕೊನೆಯದೇ. ಕಾರಿನ ಬಹುತೇಕ ಭಾಗಗಳು ಹೋಗುವ ಮೊದಲು ಹೇಳಿ ಹೋಗುತ್ತವೆ. ಕ್ಲಚ್ ಜಾರತೊಡಗುತ್ತದೆ, ಬ್ಯಾಟರಿ ಬೆಳಿಗ್ಗೆ ಗೊಣಗುತ್ತದೆ, ರೇಡಿಯೇಟರು ನೆಲದ ಮೇಲೆ ಹಸಿರು ಕಲೆ ಬಿಡುತ್ತದೆ. ಟೈಮಿಂಗ್ ಬೆಲ್ಟು ಹೇಳದೆ ಹೋಗುವ ಜಾತಿಯದ್ದು, ಆದರೆ ಕಿಲೋಮೀಟರ್ ಲೆಕ್ಕದಲ್ಲಿ ಮೊದಲೇ ಬದಲಿಸಿಬಿಡಬಹುದು. ಇವೆಲ್ಲ ಬೋಲ್ಟ್ ಬಿಚ್ಚಿ ತೆಗೆದು, ಮಂಗಳೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂದ ಹೊಸ ಸ್ಪೇರ್ ಹಾಕುವ ಕೆಲಸಗಳು. ಅಂಥ ಕೆಲಸ ಎಷ್ಟೇ ದೊಡ್ಡದಾದರೂ ಮೇಲೆ ಹೇಳಿದ ಲೆಕ್ಕ ಹಾಕಿ ನೋಡಿ, ಹೆಚ್ಚಿನ ಸಲ ರಿಪೇರಿಯೇ ಗೆಲ್ಲುತ್ತದೆ. ಬಿಚ್ಚಲಾಗದ ಒಡಲಿಗೆ, ಭಾರ ಹೊರುವ ಜಾಗಕ್ಕೆ ತುಕ್ಕು ಮುಟ್ಟಿದ ದಿನ ಲೆಕ್ಕದ ಪುಸ್ತಕ ಮುಚ್ಚಬೇಕು. ಅಲ್ಲಿ ಹೋಲಿಸಲು ಎದುರು ಅಂಕಿಯೇ ಇಲ್ಲ.

ಇಷ್ಟು ತಿಳಿದ ಮೇಲೂ ಒಪ್ಪಿಕೊಳ್ಳುವುದು ಸುಲಭವಾಗಲಿಲ್ಲ. ಹಿಂದಿನ ವರ್ಷವಷ್ಟೇ 38 ಸಾವಿರ ಹಾಕಿದ್ದೆ, ಆರ್‌ಸಿ 2029ರವರೆಗೆ ಇತ್ತು. ಹಾಕಿದ ಹಣ ಎಳೆಯುತ್ತಿತ್ತು. ಇನ್ನೊಂದು ಗ್ಯಾರೇಜಿಗೆ ತೋರಿಸಿದರೆ ಹೇಗೆ, ಅವರು ಮಾಡಿಕೊಡಬಹುದು ಎಂದು ಎರಡು ದಿನ ಯೋಚಿಸಿದೆ. ಅಪ್ಪನಿಗೆ ಹೇಳಿದಾಗ ಅವರು ಸುಮ್ಮನೆ ಕೇಳಿಸಿಕೊಂಡರು. "ಗಾಡಿ ನಂದ್. ಓಡ್ಸುದ್ ನೀನ್. ನೀನೇ ಹೇಳ್," ಎಂದರು. ಮರುವಾರ ಅವರನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ, ಪಕ್ಕದ ಸೀಟಿನಲ್ಲಿ ಅಪ್ಪ, ಹಿಂದೆ ಆ ಕಟಕ್ ಸದ್ದು. ಮನಸ್ಸಿನಲ್ಲಿ ಅದನ್ನು ಪೂರ್ತಿ ಕಲ್ಪಿಸಿಕೊಳ್ಳಲೂ ನನ್ನಿಂದಾಗಲಿಲ್ಲ. ಆವತ್ತು ಟ್ಯಾಕ್ಸಿಯಲ್ಲಿ ಹೋದೆವು.

ನಂತರದ ಮೂರು ವಾರ ನಾನು ಬಸ್ಸಿನಲ್ಲಿ ಕಾಲೇಜಿಗೆ ಹೋದೆ. ಇದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ರಿಪೇರಿಯೋ ಹೊಸದೋ ಎಂದು ಕೇಳಿಕೊಳ್ಳುವ ಮೊದಲು, ಕಾರು ಬೇಕೋ ಬೇಡವೋ ಎಂದು ಕೆಲವು ದಿನ ಕಾರಿಲ್ಲದೆ ಇದ್ದು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಬಸ್ಸಿಗೇನೂ ಕೊರತೆಯಿಲ್ಲ. ಕಿಟಕಿ ಪಕ್ಕ ಕೂತು ಹತ್ತು ವರ್ಷದ ಮೇಲೆ ಮೊದಲ ಸಲ ನಿಧಾನವಾಗಿ ಸೌಪರ್ಣಿಕೆಯನ್ನು ನೋಡಿದೆ, ಉತ್ತರ ಪತ್ರಿಕೆ ತಿದ್ದಿದೆ. ನಾನೊಬ್ಬಳೇ ಆಗಿದ್ದರೆ ಬಸ್ಸೇ ಸಾಕಿತ್ತು. ಆದರೆ ಅಪ್ಪನಿಗೆ ಬಸ್ಸಿನ ಮೆಟ್ಟಿಲು ಏರಲಾಗುವುದಿಲ್ಲ, ರಾತ್ರಿ ಹೊತ್ತಿನಲ್ಲಿ ಟ್ಯಾಕ್ಸಿ ಬರುವ ಭರವಸೆಯಿಲ್ಲ. ಕಾರು ಬೇಕಿತ್ತು. ಯಾವುದಕ್ಕೆ ಬೇಕು ಎಂಬುದೂ ಈಗ ಸ್ಪಷ್ಟವಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದರಿಂದ ಹೊಸ ಕಾರಿನ ಆಸೆ ಹುಟ್ಟಿದ್ದು ನಿಜ. ಕೊನೆಗೆ ಕೊಂಡದ್ದು ನಾಲ್ಕು ವರ್ಷದ ಹಳೆಯದನ್ನು. ಬೆಲೆಯ ಇಳಿತದ ದೊಡ್ಡ ಪಾಲನ್ನು ಮೊದಲ ಮಾಲೀಕರು ಆಗಲೇ ಹೊತ್ತಿದ್ದರು. ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ 2019ರಲ್ಲಿ ಕಡ್ಡಾಯವಾದವು, ಪಕ್ಕದ ಸೀಟಿನ ಏರ್‌ಬ್ಯಾಗ್ ಆಮೇಲೆ. ಹಾಗಾಗಿ ಎರಡೂ ಇರುವ ಗಾಡಿ ನಮ್ಮ ಕೈಗೆಟಕುವ ಬೆಲೆಗೆ ಸಿಗುತ್ತದೆ. 2014ರಲ್ಲಿ, ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅಂಥದ್ದರಲ್ಲೇ ನಾವೆಲ್ಲ ಓಡಾಡಿದ್ದೆವು. ಕೊಳ್ಳುವ ಮೊದಲು ಕಾರನ್ನು ನಮ್ಮ ಮೆಕ್ಯಾನಿಕ್‌ ಹತ್ತಿರ ತಂದು ಲಿಫ್ಟಿಗೆ ಹಾಕಿಸಿದೆ. ಮಾರುವವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ. ಮೊದಲು ನೋಡಿದ ಒಂದು ಕಾರನ್ನು, ಹೊರಗಿನಿಂದ ಕನ್ನಡಿಯಂತಿದ್ದದ್ದನ್ನು, ಅಡಿ ನೋಡಿಯೇ ಬಿಟ್ಟೆವು.

ಹಳೆಯ ಕಾರನ್ನು ಏನು ಮಾಡಬೇಕೆಂಬುದರಲ್ಲಿ ಬಹಳ ಜನ ತಪ್ಪುವುದನ್ನು ಕಂಡಿದ್ದೇನೆ. ಇಪ್ಪತ್ತೈದು ಸಾವಿರ ಕೈಗೆ ಕೊಟ್ಟು, ಸಹಿ ಹಾಕಿದ ಫಾರ್ಮು ತೆಗೆದುಕೊಂಡು ಒಯ್ಯುವ ದಲ್ಲಾಳಿಗಳು ಎಲ್ಲ ಊರಲ್ಲೂ ಇದ್ದಾರೆ. ಆರ್‌ಸಿಯಲ್ಲಿ ಹೆಸರು ಬದಲಾಗದೆ ಆ ಗಾಡಿ ಎಲ್ಲಾದರೂ ಅಪಘಾತ ಮಾಡಿದರೆ ಹೊಣೆ ದಾಖಲೆಯಲ್ಲಿರುವ ಮಾಲೀಕನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದಕ್ಕಿಂತ ಮುಖ್ಯ, ನಾನು ಅಪ್ಪನನ್ನು ಕೂರಿಸಲು ಹೆದರಿದ ಕಾರಿನಲ್ಲಿ ಇನ್ಯಾರೋ ತಮ್ಮ ಮಕ್ಕಳನ್ನು ಕೂರಿಸುವುದು ಬೇಡವಿತ್ತು. ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಟ್ಟೆವು. 2021ರಲ್ಲಿ ಬಂದ ನೀತಿಯ ಪ್ರಕಾರ ಅವರು ಕೊಡುವ ಠೇವಣಿ ಪ್ರಮಾಣಪತ್ರದಿಂದ ನೋಂದಣಿ ರದ್ದಾಗುತ್ತದೆ, ಹೊಸ ಗಾಡಿ ಕೊಳ್ಳುವವರಿಗೆ ತೆರಿಗೆಯಲ್ಲಿ ರಿಯಾಯಿತಿಗೂ ಅವಕಾಶವಿದೆ. ತೂಕದ ಲೆಕ್ಕದಲ್ಲಿ ಬರುವ ಹಣ ದಲ್ಲಾಳಿ ಹೇಳಿದ್ದಕ್ಕಿಂತ ಕಡಿಮೆಯೇ. ನನಗೆ ಅದು ನಷ್ಟವೆನಿಸಲಿಲ್ಲ.

ದೆಹಲಿಯ ಹರ್ಪಾಲ್ ಸಿಂಗ್ ಅವರ ಕತೆ ಅಪ್ಪನಿಗೆ ಇಷ್ಟ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ದೇಶದ ಮೊದಲ ಮಾರುತಿ 800ರ ಕೀಲಿ ಪಡೆದವರು ಅವರು. 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮಾರಲಿಲ್ಲ. ಆಮೇಲೆ ಮನೆಯ ಮುಂದೆ ತುಕ್ಕು ಹಿಡಿಯುತ್ತ ನಿಂತಿದ್ದ ಆ ಕಾರನ್ನು ಕಂಪನಿಯೇ ಸರಿಮಾಡಿಸಿ ತನ್ನ ಕಚೇರಿಯಲ್ಲಿ ಇಟ್ಟಿತು. ಪ್ರೀತಿಯಿಂದ ನಿಲ್ಲಿಸಿಡುವ ಕಾರಿಗೆ ಹೊಸ ತಗಡು, ಹೊಸ ತಳ ಏನು ಬೇಕಾದರೂ ಹಾಕಬಹುದು. ಅದು ಹೆದ್ದಾರಿಯಲ್ಲಿ ಯಾರನ್ನೂ ಹೊರಬೇಕಾಗಿಲ್ಲ. ನಮ್ಮದು ದುಡಿಯುವ ಗಾಡಿ. ಒಯ್ಯಲು ಬಂದ ದಿನ ಅಪ್ಪ ಡ್ಯಾಶ್‌ಬೋರ್ಡಿನಿಂದ ನೋಟು ಪುಸ್ತಕ ತೆಗೆದುಕೊಂಡರು. ಬಾನೆಟ್ಟಿನ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ಹೋದರು.

ಈಗ ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂದ ಮೇಲೆ ಕಾರನ್ನು ಅಂಗಳದ ಇಳಿಜಾರಿನಲ್ಲಿ ನಿಲ್ಲಿಸುತ್ತೇನೆ. ಮೊದಲು ಮ್ಯಾಟುಗಳು ಬಿಸಿಲಿಗೆ. ಆಮೇಲೆ ಪೈಪು ಹಿಡಿದು ಮಂಡಿಯೂರಿ ಚಕ್ರದ ಗೂಡುಗಳಿಗೆ, ಅಡಿಗೆ ಬಾವಿ ನೀರು. ಮೇಲ್ಭಾಗ ತೊಳೆಯುವುದು ಕೊನೆಗೆ, ಪುರುಸೊತ್ತಿದ್ದರೆ. ಅಪ್ಪ ಜಗಲಿಯಿಂದ ಸ್ಟೂಲು ತರಿಸಿಕೊಂಡು ಪಕ್ಕದಲ್ಲಿ ಕೂರುತ್ತಾರೆ, ಕೈಯಲ್ಲಿ ಹಿಡಿಸೂಡಿಯಿಂದ ಕಿತ್ತ ಒಂದು ಕಡ್ಡಿ. ಹೋದ ವಾರ ಎಡಬದಿಯ ಹಿಂದಿನ ಬಾಗಿಲಿನ ತಳದ ತೂತಿಗೆ ಕಡ್ಡಿ ಹಾಕಿ ತಿರುಗಿಸಿದರು. ಗಾಳಿಮರದ ಒಂದು ಎಲೆ ಹೊರಗೆ ಬಂತು, ಅದರ ಹಿಂದೆ ಅರ್ಧ ಲೋಟದಷ್ಟು ನೀರು. ಅಪ್ಪ ಅಂಗೈಯೊಡ್ಡಿ ಹಿಡಿದು ಬಿಸಿಲಿಗೆ ತಂದು ನೋಡಿದರು. ತಿಳಿಯಾಗಿತ್ತು, ಕೆಂಪಿರಲಿಲ್ಲ.